ನಾಲ್ಕನೇ ನಂಬರಿನ ಚಪ್ಪಲಿ

ಒಂದು ಲೆನ್ಸಿಗೆ ಮುನ್ನೂರ ನಲವತ್ತು ರೂಪಾಯಿ. ತೊಂಬತ್ತು ಲೆನ್ಸಿಗೆ ಮೂವತ್ತು ಸಾವಿರದ ಆರುನೂರು. ಸವಣೂರು ಠಾಣೆಯ ಹೆಡ್ ಕಾನ್ಸ್‌ಟೇಬಲ್ ಮೈಲಾರಿ ಆ ಮೊತ್ತವನ್ನು ಅಂಕಿಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ ಬರೆದು ಪೆನ್ನೆತ್ತಿದ. ಇಪ್ಪತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ಅವನು ಎಮ್ಮೆ, ಪಂಪ್‌ಸೆಟ್ಟು, ಮೆಕ್ಕೆಜೋಳದ ಚೀಲ, ದೇವರ ಬೆಳ್ಳಿ ಕಣ್ಣು ಎಲ್ಲವನ್ನೂ ಕಳುವಾದ ಮಾಲಿನ ಪಟ್ಟಿಯಲ್ಲಿ ಬರೆದಿದ್ದ. ಮನುಷ್ಯರ ಕಣ್ಣಿನೊಳಗೆ ಕೂರಿಸುವ ಮಾಲನ್ನು ಬರೆದದ್ದು ಇದೇ ಮೊದಲು.

ಅವನ ಅಕ್ಕ ಉಡಚವ್ವನ ಲೆಕ್ಕ ಬೇರೆ. ಹಾನಗಲ್ಲಿನಿಂದ ಬಸ್ಸು ಹೆಂಗಸರಿಗೆ ಪುಕ್ಕಟೆ. ಆಪರೇಶನ್ ಪುಕ್ಕಟೆ, ಕರಿ ಕನ್ನಡಕ ಪುಕ್ಕಟೆ, ಎರಡು ಹೊತ್ತಿನ ಊಟವೂ ಪುಕ್ಕಟೆ. ಆಕೆಯ ಕಡೆಯಿಂದ ಹೋಗುವಂಥದ್ದು ಒಂದೇ, ಎಡಗಣ್ಣು. ಬಲಗಣ್ಣು ಹತ್ತು ವರ್ಷದವಳಿದ್ದಾಗಲೇ ಆಡಿನ ಕೊಂಬು ತಾಗಿ ಹೋಗಿತ್ತು. ಉಳಿದೊಂದಕ್ಕೆ ಪೊರೆ ಬಂದು ಎರಡು ವರ್ಷವಾಗಿತ್ತು. ಸವಣೂರಿನ ಪುಕ್ಕಟೆ ಕಣ್ಣಿನ ಶಿಬಿರದ ಪಟ್ಟಿಯಲ್ಲಿ ಆಕೆಯ ಹೆಸರು ಬರೆಸಿದವನು ಮೈಲಾರಿಯೇ. ಆಪರೇಶನ್ ನಾಳೆ ಬೆಳಿಗ್ಗೆ ಏಳಕ್ಕೆ. ಆಕೆಗೆ ಹಾಕಬೇಕಾದ ಲೆನ್ಸು ಈಗ ಈ ದೂರಿನೊಳಗೆ ಬಂದು ಕೂತಿತ್ತು.

2025ರ ನವೆಂಬರ್ 14, ಶುಕ್ರವಾರ, ಮಧ್ಯಾಹ್ನ 2.50. ದೂರುದಾರ ಪ್ರಶಾಂತ, ಊರ ಹೊರಗಿನ ಟ್ರಸ್ಟ್ ಕಣ್ಣಿನ ಆಸ್ಪತ್ರೆಯ ಮ್ಯಾನೇಜರ್. ಇಸ್ತ್ರಿ ಅಂಗಿ, ಎರಡು ಫೋನು.

"ಕಳುವಾದದ್ದು ಯಾವಾಗ ಗೊತ್ತಾತು?"

"ಎರಡು ಗಂಟೆಕ್ಕರಿ. ಒಂದರಿಂದ ಎರಡರ ತನಕ ಅರ್ಧ ಮಂದಿ ನಮಾಜಿಗೆ ಹೋಗಿದ್ರು, ಅರ್ಧ ಮಂದಿ ಊಟಕ್ಕ. ನಾ ವಾಪಸ್ ಬಂದು ಕಪಾಟು ತಗದ್ರ ಖಾಲಿ."

"ಕೀಲಿ ಮುರದಾರೇನು?"

"ಇಲ್ರಿ."

"ಕೀಲಿಕೈ ಎಲ್ಲಿ ಇಡ್ತೀರಿ?"

"ನನ್ನ ರೂಮಿನ್ಯಾಗ, ಕ್ಯಾಲೆಂಡರ್ ಹಿಂದ ಮೊಳಿಗೆ ತೂಗ ಹಾಕಿರ್ತೇನಿ. ಈಗೂ ಅಲ್ಲೇ ಐತಿ."

"ಯಾರ‍್ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ರಿ."

ಅಂದರೆ ಎಲ್ಲರಿಗೂ ಗೊತ್ತು ಎಂದು ಮೈಲಾರಿ ಮನಸ್ಸಿನಲ್ಲಿ ಬರೆದುಕೊಂಡ.

"ಸಂಜೀತನಕ ಹುಡುಕಿ ಕೊಡ್ರಿ ಸಾಹೇಬ್ರ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು, ನಮ್ಮ ಸವಣೂರು, ನಾಕು ತಾಲೂಕಿನ ಅರವತ್ತೆರಡು ಮಂದಿ ಬಂದು ಕುಂತಾರ. ಡಾಕ್ಟರು ಹುಬ್ಬಳ್ಳಿಯಿಂದ ಮುಂಜಾನೆ ಆರಕ್ಕ ಬರ್ತಾರ. ಶಿಬಿರ ನಿಂತ್ರ ಟ್ರಸ್ಟಿನ ಹೆಸರು ಏನಾಗಬೇಕು?"

ಪಿಎಸ್‌ಐ ವಿದ್ಯಾಶ್ರೀ ದೂರು ಓದಿ, ಕಟ್ಟಡದೊಳಗಿನ ಕಳವು ಎಂದು ಕಲಂ 305ರ ಅಡಿ ಎಫ್‌ಐಆರ್ ದಾಖಲಿಸಿದರು. ಅಪರಾಧ ಸಂಖ್ಯೆ 147/2025. ಪ್ರಶಾಂತ ಹೊರಗೆ ಹೋದ ಮೇಲೆ ಮೈಲಾರಿ ಟೊಪ್ಪಿಗೆ ಕೈಗೆತ್ತಿಕೊಂಡು ನಿಂತ.

"ಮೇಡಮ್, ಒಂದು ಮಾತು. ಆ ಅರವತ್ತೆರಡರಾಗ ನಮ್ಮಕ್ಕನೂ ಅದಾಳ."

"ಹೌದಾ?" ವಿದ್ಯಾಶ್ರೀ ದೂರಿನ ಹಾಳೆ ಮೇಜಿನ ಮೇಲಿಟ್ಟರು. "ಹಂಗಾದ್ರ ಅವರ ಹೇಳಿಕೆ ಏನಾದ್ರೂ ಬೇಕಾದ್ರ ನಾ ಬರಕೋತೇನಿ. ನೀವು ಬರ್ರಿ. ನಿಮ್ಮಷ್ಟು ಕಣ್ಣಿಟ್ಟು ಹುಡುಕೋರು ಇವತ್ತು ಬ್ಯಾರೆ ಯಾರು ಸಿಗ್ತಾರ?"

ಜೀಪು ಓಡಿಸುವ ಕಾನ್ಸ್‌ಟೇಬಲ್ ರಫೀಕ ಆಗಲೇ ಇಬ್ಬರು ಪಂಚರನ್ನು ಹಿಂದೆ ಕೂರಿಸಿಕೊಂಡಿದ್ದ. ಒಬ್ಬ ಖಾರದ ಅಂಗಡಿಯವನು, ಇನ್ನೊಬ್ಬ ಎಲೆ ವ್ಯಾಪಾರಿ.

ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ ಸಾಲು ಕಾಟುಗಳು. ಎಲ್ಲರಿಗೂ ಹಸಿರು ಅಂಗಿ, ಆಪರೇಶನ್ ಆಗಬೇಕಾದ ಕಣ್ಣಿನ ಹುಬ್ಬಿನ ಮೇಲೆ ಬಿಳಿ ಪಟ್ಟಿ. ಹೊರಬಾಗಿಲಿಗೆ ಚಿಲಕ. ಔಷಧ ಬಿಟ್ಟ ಕಣ್ಣಿನವರು ಬಿಸಿಲಿಗೆ ಹೋಗಬಾರದು ಎಂದು ಆಯಾ ಹೊರಗಿನಿಂದ ಹಾಕಿದ್ದಳು. ಹದಿನೇಳನೇ ಕಾಟಿನ ಮೇಲೆ ಉಡಚವ್ವ ಗೋಡೆಗೆ ಆತು ಕೂತಿದ್ದಳು. ತಮ್ಮನನ್ನು ಬೂಟಿನ ಸಪ್ಪಳದಿಂದಲೇ ಗುರುತಿಸಿದಳು.

"ಬಂದ್ಯಾ? ನನ್ನ ಕಣ್ಣು ಕದ್ದಾರಂತಲ್ಲೋ."

"ಕಣ್ಣಲ್ಲಬೇ, ಲೆನ್ಸು."

"ಎರಡೂ ಒಂದ. ಪೊಲೀಸಪ್ಪನ ಅಕ್ಕನ ಮಾಲಿಗೇ ಕೈ ಹಾಕ್ಯಾರ ಅಂದ್ರ ನಿನ್ನ ಕಿಮ್ಮತ್ತು ಎಷ್ಟೈತಿ ನೋಡಕೊ."

ಅಕ್ಕಪಕ್ಕದ ಕಾಟಿನವರು ನಕ್ಕರು. ಮೈಲಾರಿಯೂ ನಕ್ಕು ಮುಂದೆ ನಡೆದ. ಆದರೆ ಅಕ್ಕ ತನ್ನ ಮುಖವನ್ನು ಅವನಿದ್ದ ಕಡೆಗಲ್ಲ, ಒಂದು ಗೇಣು ಪಕ್ಕಕ್ಕೆ ತಿರುಗಿಸಿ ಮಾತಾಡಿದ್ದು ಅವನ ಮನಸ್ಸಿನಲ್ಲಿ ಉಳಿಯಿತು.

ಪಂಚನಾಮೆ 3.25ಕ್ಕೆ ಶುರುವಾಯಿತು. ರಫೀಕ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸುತ್ತ ಹಿಂದೆ ಬಂದ. ಓಣಿಯ ತುದಿಗೆ ಆಪರೇಶನ್ ಥಿಯೇಟರು, ಅದರೊಳಗೆ ಪಕ್ಕದಲ್ಲಿ ಲೆನ್ಸಿನ ಕಪಾಟು. ಬಾಗಿಲ ಮೇಲೊಂದು ಕ್ಯಾಮೆರಾ ಇತ್ತು. ಅದರ ಹಿಂದೆ ವೈರು ಇರಲಿಲ್ಲ.

"ಬರೇ ಡಬ್ಬಿ ಏನ್ರಿ ಇದು?" ವಿದ್ಯಾಶ್ರೀ ಕೇಳಿದರು.

"ನೋಡಿದೋರಿಗೆ ಅಂಜಿಕಿ ಇರಲಿ ಅಂತ್ರಿ," ಎಂದ ಪ್ರಶಾಂತ.

ಥಿಯೇಟರಿನ ಬಾಗಿಲಿಗೆ ಮೂರು ಹೆಜ್ಜೆ ಮೊದಲು ನೆಲದ ಮೇಲೆ ಒಂದು ಕೆಂಪು ಗೆರೆ. ರಫೀಕ ದಾಟಲು ಕಾಲೆತ್ತಿದ್ದೇ ತಡ, ಆಯಾ ಹಮೀದುನ್ನೀಸಾ ಕೈ ಅಡ್ಡ ಹಿಡಿದಳು.

"ಬೂಟು ಬಿಡ್ರಿ. ಈ ಗೆರಿ ದಾಟಿ ಹೊರಗಿನ ಚಪ್ಪಲಿ ಹೋಗಂಗಿಲ್ಲ. ಡಾಕ್ಟರ್ ಇರಲಿ, ಮಿನಿಸ್ಟರ್ ಇರಲಿ."

ಗೆರೆಯ ಆಚೆ ಗೋಡೆಗುಂಟ ಎಂಟು ಜೋಡಿ ಹಸಿರು ರಬ್ಬರ್ ಚಪ್ಪಲಿ. ದೊಡ್ಡವು, ನಡುವಿನವು, ಸಣ್ಣವು ಎಂದು ಮೂರು ಅಳತೆ, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಒಂದರಿಂದ ಎಂಟರವರೆಗಿನ ನಂಬರು. ಏಳು ಜೋಡಿ ಗೋಡೆಗೆ ಆನಿಸಿ ನಿಲ್ಲಿಸಿದ್ದವು, ಅಡಿಭಾಗ ಹೊರಗೆ ಮಾಡಿ, ಒಣಗಲಿಕ್ಕೆ. ಒಂದು ಜೋಡಿ ಮಾತ್ರ ನೆಲದ ಮೇಲೆ ಕೂತಿತ್ತು. ಎಡ ಬಲ ಸರಿಯಾಗಿ, ಪಕ್ಕಪಕ್ಕಕ್ಕೆ, ಯಾರೋ ಇದೀಗ ಬಿಚ್ಚಿಟ್ಟಂತೆ. ಮೈಲಾರಿ ಬೂಟು ಬಿಚ್ಚಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇವನ್ನ ತೊಳದದ್ದು ಯಾವಾಗವಾ?"

"ಇವತ್ತ ಹನ್ನೆರಡಕ್ಕ. ಬ್ಲೀಚಿಂಗ್ ನೀರಾಗ ತೊಳದು ನಾನ ಸಾಲು ಹಚ್ಚೇನಿ. ನಾಳೆ ಮುಂಜಾನಿತನಕ ಯಾರೂ ಮುಟ್ಟಂಗಿಲ್ಲ."

"ಎಂಟೂ ನಿಲ್ಲಿಸಿದ್ದಿ?"

"ಎಂಟೂ. ಅಲ್ಲಾನ ಆಣಿ."

"ಮತ್ತ ಈ ನಾಕು ನಂಬರ್ ಯಾಕ ಕುಂತೈತಿ?"

ಹಮೀದುನ್ನೀಸಾ ಚಪ್ಪಲಿ ನೋಡಿದಳು. ಅವಳ ಮುಖದ ಬಣ್ಣ ಹೋಯಿತು. ಸೆರಗು ತಲೆಗೆ ಎಳೆದುಕೊಂಡಳು.

"ಕಳ್ಳ ಚಪ್ಪಲಿ ಬದಲಿ ಮಾಡಿ ಒಳಗ ಹೋಗ್ಯಾನಲ್ರೀ ಜಮಾದಾರ್ರ!" ರಫೀಕನಿಗೆ ನಗು ತಡೆಯಲಾಗಲಿಲ್ಲ. "ಭಾಳ ಸಂಭಾವಿತ ಕಳ್ಳ."

ಮೈಲಾರಿ ನಗಲಿಲ್ಲ. ಮನೆಗೆ ನುಗ್ಗಿದ ಕಳ್ಳ ಅಡುಗೆಮನೆಯಲ್ಲಿ ಉಂಡು ಹೋಗಿದ್ದನ್ನು ಅವನು ಕಂಡಿದ್ದ, ದೇವರಿಗೆ ಕೈ ಮುಗಿದು ಹುಂಡಿ ಒಡೆದವನನ್ನೂ ಕಂಡಿದ್ದ. ಕೈ ಯಾವುದಕ್ಕೆ ರೂಢಿಯಾಗಿರುತ್ತದೋ ಅದನ್ನು ಕಳವಿನ ಹೊತ್ತಿನಲ್ಲೂ ಬಿಡುವುದಿಲ್ಲ. ಲೆನ್ಸು ಒಯ್ದವರಿಗೆ ಆ ಕೆಂಪು ಗೆರೆ ಕಾಲಿನಲ್ಲೇ ಕೂತಿತ್ತು.

"ನಾಕು ನಂಬರ್ ಸಣ್ಣ ಕಾಲಿಂದು," ಎಂದ ಮೈಲಾರಿ. "ಯಾರು ಹಾಕ್ತಾರವಾ?"

"ನರ್ಸಮ್ಮ ಹಾಕ್ತಾರ. ರಜಾದ ಮ್ಯಾಲ ಊರಿಗೆ ಹೋಗ್ಯಾರ." ಹಮೀದುನ್ನೀಸಾ ನೆಲ ನೋಡುತ್ತ ಹೇಳಿದಳು. "ಮತ್ತ... ಶನಿವಾರ ಲೆನ್ಸು ಎತ್ತಿ ಕೊಡಾಕ ಇರಮ ಬರ್ತಾಳ. ಆ ಕೂಸು ಅಂಥಾದ್ದಲ್ರಿ ಸಾಹೇಬ್ರ. ಬರಕೋಬ್ಯಾಡ್ರಿ."

ಇರಮ ಕಣ್ಣಿನ ಅಳತೆ ತೆಗೆಯುವವಳು. ವಯಸ್ಸು ಇಪ್ಪತ್ತನಾಲ್ಕು, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ, ಊರು ಬಂಕಾಪುರ. ವಿದ್ಯಾಶ್ರೀ ಅವಳನ್ನು ತಕ್ಷಣ ಕರೆಸಲಿಲ್ಲ. ಚಪ್ಪಲಿ ಯಾರದ್ದೆಂದು ಗೊತ್ತಾದರೆ ಸಾಲದು, ಮೂವತ್ತು ಸಾವಿರದ ಮಾಲನ್ನು ಅವಳು ಯಾರಿಗೆ ಮಾರುತ್ತಾಳೆ ಎಂಬುದು ಗೊತ್ತಾಗಬೇಕಿತ್ತು. ಮಾಲು ಗುರುತಿಸಲು ಖರೀದಿ ಬಿಲ್ ಕೊಡಿ ಎಂದು ಪ್ರಶಾಂತನಿಗೆ ಹೇಳಿದರು.

"ಬಿಲ್ ಯಾಕ್ರಿ? ತೊಂಬತ್ತು ಅಂತ ಬರದೇನಲ್ಲ."

"ಸಿಕ್ಕ ಮಾಲು ನಿಮ್ಮದ ಅನ್ನೂದಕ್ಕ ಗುರುತು ಬೇಕಲ್ರಿ. ತರ್ರಿ."

ಬಿಲ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. 4.10ಕ್ಕೆ ಮೈಲಾರಿ ಓದುವ ಕನ್ನಡಕ ಮೂಗಿಗೇರಿಸಿ ಪಟ್ಟಿ ನೋಡಿದ. ತೊಂಬತ್ತು ಸಾಲು. ಪ್ರತಿ ಸಾಲಿಗೂ ಬೇರೆ ಬೇರೆ ಸೀರಿಯಲ್ ನಂಬರು. ಅದರ ಪಕ್ಕ 'ಪವರ್' ಎಂಬ ಕಲಮು. ಅದರಲ್ಲಿ ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೊಂದು. ಪುಟ ತಿರುಗಿಸಿದ. ಅಲ್ಲೂ ಇಪ್ಪತ್ತೊಂದು.

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. ಅದು ಸಂತೆಯಲ್ಲಿ ಕೊಂಡ ಕನ್ನಡಕ. ಅಂಥದ್ದನ್ನು ಕೊಳ್ಳುವಾಗಲೂ ನಾಲ್ಕೈದು ಹಾಕಿ ನೋಡಿ, ಅಕ್ಷರ ಕಂಡದ್ದನ್ನು ಆರಿಸಿದ್ದ.

"ಮೇಡಮ್, ಅಲ್ಲಿ ಎಂಟು ಜೋಡು ಚಪ್ಪಲಿಗೆ ಮೂರು ಅಳತಿ ಇಟ್ಟಾರ. ಇಲ್ಲಿ ತೊಂಬತ್ತು ಕಣ್ಣಿಗೆ ಒಂದ ಅಳತಿ ಐತಿ."

ವಿದ್ಯಾಶ್ರೀ ರೋಗಿಗಳ ಕಾರ್ಡುಗಳನ್ನು ತರಿಸಿದರು. ಅರವತ್ತೆರಡು ಕಾರ್ಡು, ಎಲ್ಲವೂ ಒಂದೇ ದುಂಡಗಿನ ಅಕ್ಷರ, ಕೆಳಗೆ ಒಂದೇ ಸಹಿ. ಅವುಗಳಲ್ಲಿ ಇಪ್ಪತ್ತು, ಇಪ್ಪತ್ತೆರಡೂವರೆ, ಹತ್ತೊಂಬತ್ತು, ಇಪ್ಪತ್ತೊಂದೂವರೆ ಎಂದು ಬೇರೆ ಬೇರೆ ಅಂಕಿಗಳಿದ್ದವು. ಉಡಚವ್ವನ ಕಾರ್ಡಿನಲ್ಲಿ ಇಪ್ಪತ್ತೆರಡು. ಕಪಾಟಿನಲ್ಲಿ ಇಪ್ಪತ್ತೆರಡರ ಲೆನ್ಸು ಇರಲೇ ಇಲ್ಲ, ಕಳುವಾಗುವ ಮೊದಲೂ.

ವಿದ್ಯಾಶ್ರೀ ದೊಡ್ಡ ಕೋಣೆಗೆ ಹೋಗಿ ಉಡಚವ್ವನ ಕಾಟಿನ ತುದಿಗೆ ಕೂತು ತಾವೇ ಹೇಳಿಕೆ ಬರೆದುಕೊಂಡರು.

"ಕಣ್ಣಿನ ಅಳತಿ ಹೆಂಗ ತಗದ್ರಬೇ?"

"ಏನ್ ಅಳತಿವಾ? ಆ ಹುಡುಗಿ ನನ್ನ ಮುಖಾ ಒಂದು ಸಲ ನೋಡಿದ್ಲು, ಬರಕೊಂಡ್ಲು. ಪೆನ್ನಿನ ಸಪ್ಪಳಾ ಕೇಳಿಸ್ತು. ಆಮ್ಯಾಲ ಕಿವ್ಯಾಗ, 'ಅಜ್ಜಿ, ಊರಿಗೆ ಹೋಗಿಬಿಡ್ರಿ, ಇಲ್ಲಿ ಬ್ಯಾಡ' ಅಂದ್ಲು. ನಾ ಏನ್ ಅಂದೆ ಗೊತ್ತೇನು? ಹಾನಗಲ್ಲಿಂದ ಬುತ್ತಿ ಕಟಿಗೊಂಡು ಬಂದೇನಿ, ನೀ ಯಾಕ ನನ್ನ ಪುಕ್ಕಟೆ ಕಣ್ಣಿಗೆ ಅಡ್ಡ ಬರ್ತಿ ಅಂತ ಬೈದೆ."

ರಫೀಕ ಮೊಬೈಲ್ ಇಳಿಸಿದ. "ನಮ್ಮ ಅಮ್ಮಿಗೆ ಹೋದ ವರ್ಷ ಮಾಡಿಸಿದಾಗ ಮೊದಲ ಹನಿ ಹಾಕಿ, ಪೆನ್ನಿನಂಥಾದ್ದು ಒಂದು ಕಣ್ಣಿಗೆ ಮುಟ್ಟಿಸಿದ್ರು ಮೇಡಮ್. ಮಷೀನ್ ಟಿಕ್ ಟಿಕ್ ಅಂತಿತ್ತು. ಅದರ ಮ್ಯಾಲ ಲೆನ್ಸಿನ ನಂಬರ್ ತಗದ್ರು."

ಇಷ್ಟು ಹೊತ್ತು ಮೈಲಾರಿಗಿದ್ದ ಅಂಜಿಕೆ ಲೆನ್ಸು ಸಿಗದಿದ್ದರೆ ಎಂಬುದು. ಈಗ ಸಿಕ್ಕರೆ ಎಂಬ ಅಂಜಿಕೆ ಶುರುವಾಯಿತು. ತಾನು ಚಲೋ ಕೆಲಸ ಮಾಡಿ ಸಂಜೆಯೊಳಗೆ ಮಾಲು ಹುಡುಕಿದರೆ, ನಾಳೆ ಏಳಕ್ಕೆ ಅಕ್ಕನ ಉಳಿದೊಂದು ಕಣ್ಣನ್ನು ಯಾರದೋ ಅಳತೆಗೆ ಕೊಯ್ಯುತ್ತಾರೆ. ಹುಡುಕದಿದ್ದರೆ ಅವನು ಪೊಲೀಸನಲ್ಲ.

4.45ಕ್ಕೆ ಅಳತೆಯ ಕೋಣೆ. ಕಿಟಕಿಗೆ ಕಪ್ಪು ಪರದೆ. ಮೂಲೆಯಲ್ಲಿ ಗಾಲಿಯ ಮೇಜಿನ ಮೇಲೆ ಹಾಲುಬಿಳಿ ಬಟ್ಟೆ ಹೊದೆಸಿದ ಯಂತ್ರ, ಮೇಜಿನ ಕೆಳಗೆ ಬಾಗಿಲಿದ್ದ ಪುಟ್ಟ ಕಪಾಟು. ಇರಮ ಎದ್ದು ನಿಂತಳು. ಸಣ್ಣ ಮೈಕಟ್ಟು, ಬಿಳಿ ಕೋಟು, ತಲೆಗೆ ಬಿಗಿದ ದುಪಟ್ಟಾ. ವಿದ್ಯಾಶ್ರೀ ಕುರ್ಚಿ ಎಳೆದುಕೊಂಡರು.

"ಕುಂದ್ರವಾ. ಒಂದರಿಂದ ಎರಡರ ತನಕ ಎಲ್ಲಿದ್ದಿ?"

"ಇಲ್ಲೇ ಇದ್ದೇರಿ."

"ಊಟ?"

"ಹಸಿವಿದ್ದಿಲ್ರಿ."

"ಥಿಯೇಟರಿಗೆ ಹೋಗಿದ್ದೇನು?"

ಇರಮ ಕೋಟಿನ ತೋಳು ಕೆಳಗೆಳೆದುಕೊಂಡಳು. ಮೈಲಾರಿ ಬಾಗಿಲಲ್ಲಿ ಅಕ್ಕನ ಕೈ ಹಿಡಿದು ನಿಂತಿದ್ದ. ಉಡಚವ್ವನನ್ನು ನಿಧಾನಕ್ಕೆ ಒಳಗೆ ಕರೆತಂದು ಅಳತೆಯ ಸ್ಟೂಲಿನ ಮೇಲೆ ಕೂರಿಸಿದ.

"ತಂಗಿ, ಇಕಿ ನಮ್ಮಕ್ಕ. ಹದಿನೇಳನೇ ಕಾಟು. ಕಾರ್ಡಿನ ಮ್ಯಾಲ ಇಪ್ಪತ್ತೆರಡು ಬರದಿ. ನಿನ್ನ ಮ್ಯಾಲ ನನಗೇನೂ ಸಂಶೇ ಇಲ್ಲ. ಆದ್ರ ನಮ್ಮ ಮುಂದ ಇನ್ನೊಮ್ಮೆ ಅಳತಿ ತಗದು ತೋರಸು. ಇಕಿಗೆ ಇದೊಂದ ಕಣ್ಣು."

ಇರಮ ಕೈ ಎತ್ತಿದಳು, ಮತ್ತೆ ಇಳಿಸಿದಳು. ಅವಳ ಕಣ್ಣು ಮೂಲೆಯ ಯಂತ್ರದ ಕಡೆ ಹೋಗಿ ಬಾಗಿಲಲ್ಲಿದ್ದ ಪ್ರಶಾಂತನ ಮೇಲೆ ನಿಂತಿತು.

"ಅದು ಈಗ ಆಗಂಗಿಲ್ರಿ," ಪ್ರಶಾಂತ ಒಳಗೆ ಬಂದ. "ನಾಜೂಕು ಮಷೀನು. ಬೆಳಗಿನಿಂದ ನಡದು ಬಿಸಿಯಾಗೈತಿ. ನಾಳೆ ಮುಂಜಾನೆ—"

ಮೈಲಾರಿ ಗಾಲಿಯ ಮೇಜಿನ ಹತ್ತಿರ ಹೋಗಿ ಬಟ್ಟೆಯ ಕೆಳಗೆ ಕೈ ತೂರಿಸಿದ. ತಣ್ಣಗಿತ್ತು. ಕೈ ಹೊರತೆಗೆದು ಬೆರಳು ತೋರಿಸಿದ. ಬೆರಳ ತುಂಬ ಧೂಳು.

"ಮುಟ್ಟಬ್ಯಾಡ್ರಿ ಅಂದೆ!" ಪ್ರಶಾಂತನ ದನಿ ಏರಿತು.

ಅಷ್ಟು ಹೊತ್ತಿನಲ್ಲಿ ಅವನು ದನಿಯೇರಿಸಿದ್ದು ಅದೇ ಮೊದಲು. ಮೂವತ್ತು ಸಾವಿರದ ಮಾಲು ಹೋದಾಗ ಬೆವರದವನು ಈ ಬಟ್ಟೆಗೆ ಬೆವರುತ್ತಿದ್ದುದನ್ನು ವಿದ್ಯಾಶ್ರೀಯವರೂ ಕಂಡರು.

"ಪಂಚರನ್ನ ಕರೀರಿ. ರಫೀಕ, ಮೊಬೈಲ್ ಚಾಲೂ ಮಾಡು. ಬಟ್ಟಿ ತಗೀರಿ."

ಯಂತ್ರದ ಗಾಜು ಕತ್ತಲಾಗಿತ್ತು. ವೈರಿನ ತುದಿಗೆ ಪ್ಲಗ್ಗೇ ಇರಲಿಲ್ಲ. ಮೈಲಾರಿ ಬಗ್ಗಿ ಕೆಳಗಿನ ಪುಟ್ಟ ಕಪಾಟಿನ ಬಾಗಿಲು ಎಳೆದ. ಒಳಗೆ ಬಿಗಿಯಾಗಿ ತುರುಕಿದ ಒಂದು ಕೌದಿ. ಹಳೆ ಸೀರೆಯ ಕೆಂಪು, ಇಳಕಲ್ ದಡಿಯ ಹಸಿರು, ಯಾರದೋ ಅಂಗಿಯ ಚೌಕಡಿ. ನೆಲದ ಮೇಲಿಟ್ಟು ಗಂಟು ಬಿಚ್ಚಿದರೆ ಅದರೊಳಗೆ ಪುಟ್ಟ ಬಿಳಿ ಡಬ್ಬಿಗಳು, ಒಂದಕ್ಕೊಂದು ತಾಗದಂತೆ ಮಡಿಕೆ ಮಡಿಕೆಯಲ್ಲಿ ಸುತ್ತಿದ್ದವು. ಪಂಚರ ಮುಂದೆ ಎಣಿಸಲಾಯಿತು. ತೊಂಬತ್ತು. ಒಂದೂ ಒಡೆದಿರಲಿಲ್ಲ. ಸಮಯ 5.05.

ಪ್ರಶಾಂತ ಮೊದಲು ಚೇತರಿಸಿಕೊಂಡ. "ನಮ್ಮ ಕೂಳ ತಿಂದು ನಮ್ಮ ಮನೀಗೇ ಕನ್ನಾ! ನೋಡಿದ್ರೇನು ಮೇಡಮ್? ಹೋಗಲಿ, ಮಾಲು ಸಿಕ್ತಲ್ಲ. ಕೊಟ್ಟುಬಿಡ್ರಿ, ನಾಳೆ ಕೆಲಸಾ ನಡೀಲಿ. ಕೇಸು ನಿಧಾನಕ್ಕ ಮಾಡೋಣ."

"ಇದು ಜಪ್ತಿ ಮಾಲು," ಎಂದರು ವಿದ್ಯಾಶ್ರೀ. "ನ್ಯಾಯಾಲಯದ ಆದೇಶ ಇಲ್ದ ಒಂದು ಡಬ್ಬಿನೂ ಕೊಡಂಗಿಲ್ಲ. ನಾಳೆ ಶನಿವಾರ ಕೋರ್ಟು ಇದ್ರೂ ಅರ್ಜಿ ಹಾಕಿ, ವಕೀಲರು ಬಂದು, ಸೋಮವಾರ ಮಂಗಳವಾರ ಆಗತೈತಿ."

"ಹುಬ್ಬಳ್ಳಿಯಿಂದ ಬ್ಯಾರೆ ತರಸ್ತೇನಿ ಹಂಗಾರ."

"ತರಸ್ರಿ. ಅಷ್ಟ್ರಾಗ ಜಿಲ್ಲಾ ಆರೋಗ್ಯ ಅಧಿಕಾರಿಗಳು ಬರ್ತಾರ. ಈ ಮಷೀನ್ ಚಾಲೂ ಮಾಡಿ ತೋರಸ್ರಿ ಅವರಿಗೆ." ಅವರು ಆಗಲೇ ಫೋನ್ ಕಿವಿಗಿಟ್ಟಿದ್ದರು.

ಮೈಲಾರಿ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತ. ತನಗರಿವಿಲ್ಲದೆ ಅಕ್ಕನ ಸೆರಗಿನ ತುದಿ ಹಿಡಿದಿದ್ದ. ಕಾನೂನಿನ ನಿಧಾನಕ್ಕೆ ಅವನು ಜೀವಮಾನವೆಲ್ಲ ಬೈದವನು. ಅದು ಅವನ ಕೈ ಹಿಡಿದದ್ದು ಇವತ್ತು.

ಇರಮಳ ಹೇಳಿಕೆಯನ್ನು ಅದೇ ಕೋಣೆಯಲ್ಲಿ, ಪ್ರಶಾಂತನನ್ನು ಹೊರಗೆ ಕಳಿಸಿ ಬರೆದುಕೊಂಡರು.

ಯಂತ್ರ ಕೆಟ್ಟದ್ದು ಫೆಬ್ರುವರಿಯಲ್ಲಿ. ರಿಪೇರಿ ಮಾಡಿಸುತ್ತೇವೆ ಎಂದವರು ಮಾಡಿಸಲಿಲ್ಲ. ಇಪ್ಪತ್ತೊಂದು ಬಹಳ ಮಂದಿಗೆ ಹತ್ತಿರ ಬರುತ್ತದೆ, ಅದನ್ನೇ ಹಾಕೋಣ ಎಂದು ಮೇಲಿನವರು ಗೊತ್ತು ಮಾಡಿದರು. ಎಲ್ಲ ಕಾರ್ಡಿನಲ್ಲೂ ಇಪ್ಪತ್ತೊಂದೇ ಇದ್ದರೆ ತಪಾಸಣೆಯಲ್ಲಿ ಸಿಗುತ್ತದೆ, ಸ್ವಲ್ಪ ಹಿಂದೆ ಮುಂದೆ ಬರೆ ಎಂದು ಪ್ರಶಾಂತ ಹೇಳಿಕೊಟ್ಟ. ಇರಮ ಬರೆದಳು. ಸಹಿ ಮಾಡಿದಳು. ಮಾರ್ಚಿನಿಂದ ಅಕ್ಟೋಬರಿನವರೆಗೆ ನಾನೂರ ಹನ್ನೊಂದು ಸಹಿ.

"ಬಿಟ್ಟು ಹೋಗಬೇಕಿತ್ತಲ್ಲವಾ ನೀನು?"

"ಸೇರೋವಾಗ ಎರಡು ವರ್ಷದ ಬಾಂಡ್ ಬರಸಕೊಂಡಾರ್ರಿ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು, ಡಿಪ್ಲೊಮಾ ಎಲ್ಲಾ ಅವರ ಕಪಾಟಿನ್ಯಾಗ ಅದಾವ. ಅವಿಲ್ದ ಬ್ಯಾರೆ ಎಲ್ಲಿ ಕೆಲಸಾ ಕೊಡ್ತಾರ?"

"ಯಾರಿಗಾದ್ರೂ ಹೇಳಬೇಕಿತ್ತು. ನಮ್ಮ ಕಡೆ ಬರಬೇಕಿತ್ತು."

"ಏನಂತ ಹೇಳಲ್ರಿ? ಎಲ್ಲಾ ಕಾರ್ಡಿನ ಮ್ಯಾಲೂ ನನ್ನ ಸಹಿ. ನೀ ಬಾಯಿ ಬಿಟ್ರ ಮೊದಲ ಒಳಗ ಹೋಗಾಕಿ ನೀನ ಅಂತ ಅವರು ದಿನಾ ಹೇಳ್ತಿದ್ರು." ಅವಳು ಕೋಟಿನ ಗುಂಡಿ ತಿರುವುತ್ತಿದ್ದಳು. "ಕೆಲವರಿಗೆ ಬಿ.ಪಿ. ಜಾಸ್ತಿ ಐತಿ ಅಂತ ಸುಳ್ಳ ಬರದು ಊರಿಗೆ ಕಳಿಸಿದೆ. ಹದಿನಾಕು ಮಂದಿಗೆ. ಆಮ್ಯಾಲ ಮ್ಯಾನೇಜರ್ ಬ್ಯಾರೆಯೋರ ಕಡೆ ಬಿ.ಪಿ. ನೋಡ್ಸಾಕ ಹತ್ತಿದ್ರು."

"ಇವತ್ತ ಯಾಕ?"

ಇರಮ ಕೌದಿಯನ್ನು ನೋಡಿದಳು.

ಅದು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಮಂಜವ್ವ ಕೊಟ್ಟದ್ದು. ಮಂಜವ್ವ ಕೌದಿ ಹೊಲಿದು ಬದುಕುವವಳು. ಜೂನಿನಲ್ಲಿ ಆಪರೇಶನ್ ಆಯಿತು. ಪೊರೆ ಹೋಯಿತು, ಕಣ್ಣು ಬರಲಿಲ್ಲ. ಮೂರು ಸಲ ಹಾವೇರಿ ಸುತ್ತಿ ಸವಣೂರಿಗೆ ಬಂದಳು. ಮೂರು ಸಲವೂ ಇರಮ 'ಕೂಡತೈತಿ ಅವ್ವಾ, ತಡೀರಿ' ಎಂದು ಹೇಳಿ ಕಳಿಸಿದಳು. ಮೂರನೆಯ ಸಲ, ಎರಡು ವಾರದ ಹಿಂದೆ, ಮಂಜವ್ವ ಬೈಯಲಿಲ್ಲ. ಕೈಚೀಲದಿಂದ ಈ ಕೌದಿ ತೆಗೆದು ಅವಳ ತೊಡೆಯ ಮೇಲಿಟ್ಟಳು. ನೀ ಒಬ್ಬಾಕಿ ನನ್ನ ಕುಂದರ್ಸಿ ಮಾತಾಡ್ಸಿದಿ, ಚಳಿಗಾಲ ಬಂತು, ಹೊದ್ದಕೊ ಎಂದಳು.

ಮೈಲಾರಿ ಕೌದಿಯನ್ನು ಬೆಳಕಿಗೆ ಹಿಡಿದ. ಅವನ ತಾಯಿಯೂ ಕೌದಿ ಹೊಲಿಯುತ್ತಿದ್ದಳು. ಕೌದಿಯ ಹೊಲಿಗೆ ಅಂದರೆ ಹೊಲದಲ್ಲಿ ರಂಟೆ ಹೊಡೆದ ಸಾಲಿನಂತೆ ನೇರ ಇರಬೇಕು. ಇದರಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿ, ದಾರಿ ತಪ್ಪಿ, ಅಂಚಿಗೆ ಬರುವ ಮೊದಲೇ ನಿಂತುಹೋಗಿದ್ದವು. ಒಂದು ಕಡೆ ಮಂಜವ್ವ ಅಂಚು ದಾಟಿ, ಬಟ್ಟೆಯೇ ಇಲ್ಲದಲ್ಲಿ ಕಡ್ಡಿಯಷ್ಟುದ್ದ ಬರೀ ದಾರ ಹೊಲಿದಿದ್ದಳು.

"ಲೆನ್ಸ್ ಇಲ್ಲಂದ್ರ ಆಪರೇಶನ್ ಇಲ್ಲ," ಎಂದಳು ಇರಮ. "ಅಷ್ಟ ಹೊಳೀತ್ರಿ. ಆ ಮಷೀನಿನ ಬಾಗಿಲಾ ಅವರು ಎಂದೂ ತಗಿಯಂಗಿಲ್ಲ, ಅದಕ್ಕ ಅಲ್ಲಿಟ್ಟೆ."

"ಒಡದು ಹಾಕಿದ್ರ ಮುಗದ ಹೋಗ್ತಿತ್ತಲ್ಲ?"

"ಯಾರಿಗಾದ್ರೂ ಇಪ್ಪತ್ತೊಂದ ಬರತೈತಲ್ರಿ. ಅವರಿಗೆ ಬೇಕಾಗ್ತಾವ."

ಮೈಲಾರಿಗೆ ಇನ್ನೊಂದು ಕೇಳದೆ ಇರಲಾಗಲಿಲ್ಲ. "ಕಳವು ಮಾಡಾಕ ಹೋಗೋವಾಗ ಚಪ್ಪಲಿ ಯಾಕ ಬದಲಿ ಮಾಡಿದಿ ತಂಗಿ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೊರಗಿನ ಧೂಳು ಒಳಗ ಹೋಗಬಾರದಲ್ರಿ. ನಾಳೆ ಕಣ್ಣಿಗೆ ನಂಜಾಗತೈತಿ."

"ನಾಳೆ ಅನ್ನೂದ ಬ್ಯಾಡ ಅಂತ ತಾನ ನೀ ಹೋದದ್ದು."

ಇರಮ ಬಾಯಿ ತೆರೆದಳು. "ಅದು ನೆನಪ ಆಗಲಿಲ್ರಿ," ಎಂದಳು. ಆಗ ಮೊದಲ ಸಲ ಅತ್ತಳು.

ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳನ್ನು ಬಂಧಿಸುವಂತಿಲ್ಲ. ಅವಳನ್ನು ಈ ಆಸ್ಪತ್ರೆಯಲ್ಲಿ ಪ್ರಶಾಂತನ ಜೊತೆ ರಾತ್ರಿ ಬಿಡುವುದು ವಿದ್ಯಾಶ್ರೀಯವರಿಗೆ ಸರಿ ಕಾಣಲಿಲ್ಲ. 5.40ಕ್ಕೆ ಬಂಧನದ ಕಾಗದ ಸಿದ್ಧ ಮಾಡಿದರು. ಕಲಂ 306, ನೌಕರರು ಮಾಡಿದ ಕಳವು. ಬಂಕಾಪುರದ ಅವಳ ತಂದೆ ಬಾಬಾಜಾನನಿಗೆ ಫೋನಿನಲ್ಲಿ ತಿಳಿಸಿದರು. ಪೆನ್ನು ಕೈಗೆ ಕೊಟ್ಟಾಗ ಇರಮ ಹಿಂದೆ ಸರಿದಳು.

"ಸಹಿ ಮಾಡಬೇಕೇನ್ರಿ?"

"ಮೊದಲ ಓದು. ಇದ್ದದ್ದು ಇದ್ದಂಗ ಐತೇನು ನೋಡು. ಇಲ್ಲಂದ್ರ ಮಾಡಬ್ಯಾಡ."

ಅವಳು ಮೂರು ಸಲ ಓದಿದಳು. ರಫೀಕ ಜೀಪಿನ ಇಂಜಿನ್ ಚಾಲೂ ಮಾಡಿ, ಮತ್ತೆ ಆರಿಸಿದ. ಯಾರೂ ಅವಸರ ಮಾಡಲಿಲ್ಲ. 5.52ಕ್ಕೆ ಸಹಿ ಮಾಡಿದಳು.

ದೊಡ್ಡ ಕೋಣೆ ದಾಟುವಾಗ ಹಸಿರು ಅಂಗಿಯವರು ಸಾಲಾಗಿ ಎದ್ದು ಕೂತಿದ್ದರು. ಕೆಲವರು ಕಳ್ಳಿ ಎಂದರು. ಒಬ್ಬ ಮುದುಕ, ನಮ್ಮ ಪುಕ್ಕಟೆ ಕಣ್ಣು ತಪ್ಪಿಸಿದಿ ಎಂದು ಬೈದ. ಉಡಚವ್ವ ಮಾತ್ರ, "ಅಕಿ ಕೈ ತಣ್ಣಗಾಗಿರತೈತಿ, ಏನರ ಹೊದಸ್ರೋ," ಎಂದಳು. ಕೌದಿ ಜಪ್ತಿಯಾಗಿತ್ತು. ಹಮೀದುನ್ನೀಸಾ ತನ್ನ ಶಾಲು ತಂದು ಕೊಟ್ಟಳು.

ಅದೇ ರಾತ್ರಿ ಆರೋಗ್ಯ ಇಲಾಖೆಯವರು ಥಿಯೇಟರಿಗೆ ಬೀಗ ಹಾಕಿದರು. ಪ್ರಶಾಂತ ಮತ್ತು ಟ್ರಸ್ಟಿನವರ ಮೇಲೆ ವಂಚನೆಯ ಬೇರೆ ಎಫ್‌ಐಆರ್ ಆಯಿತು. ಮರುವಾರ ಮೈಲಾರಿ ಹೇಳಿಕೆ ಪಡೆಯಲು ಚಿಕ್ಕೇರೂರಿಗೆ ಹೋಗಿ, ಮಂಜವ್ವನಿಗೆ ಕೌದಿಯ ಫೋಟೋ ತೋರಿಸಿದ. ಅವಳು ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ನಂದ. ಪೊಲೀಸರ ಕಡೆ ಯಾಕ ಬಂತು? ಆ ಹುಡುಗಿ ಹೊದ್ದಕೊಳ್ಳಲಿಲ್ಲೇನು?"

"ಜ್ವಾಕಿಲೆ ಇಟ್ಟಿದ್ಲಬೇ," ಎಂದ ಮೈಲಾರಿ. ಅದು ಸುಳ್ಳಲ್ಲ.

ಶಿಬಿರದ ಅರವತ್ತೆರಡು ಜನರನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಅಳೆದರು. ಇಪ್ಪತ್ತೊಂದು ಸರಿಯಾಗಿ ಹೊಂದುತ್ತಿದ್ದುದು ಹನ್ನೊಂದು ಮಂದಿಗೆ. ಉಡಚವ್ವನ ಅಳತೆ ಹದಿನೈದೂವರೆ ಬಂತು. ಡಿಸೆಂಬರ್ ಹದಿನಾರಕ್ಕೆ ಆಪರೇಶನ್ ಆಗಿ, ಪಟ್ಟಿ ಬಿಚ್ಚಿದ ದಿನ ಆಕೆ ತಮ್ಮನ ಮುಖವನ್ನು ನೇರವಾಗಿ ನೋಡಿ, "ಮೀಸಿ ಎಲ್ಲಾ ಬೆಳ್ಳಗಾಗೈತಲ್ಲೋ, ನನಗ ಹೇಳಲೇ ಇಲ್ಲ ನೀ," ಎಂದಳು.

ಮೊದಲೇ ಲೆನ್ಸು ಹಾಕಿಸಿಕೊಂಡಿದ್ದ ನಾನೂರ ಹನ್ನೊಂದು ಜನರಿಗೂ ಪತ್ರ ಹೋಯಿತು. ಬಂದವರು ಇನ್ನೂರ ಆರು. ಅವರಲ್ಲಿ ಬಹಳ ಮಂದಿಗೆ ದಪ್ಪ ಕನ್ನಡಕದಿಂದ ಕಣ್ಣು ಬಂತು. ಮಂಜವ್ವನಿಗೂ ಬಂದಿದೆ, ಸೂಜಿಗೆ ದಾರ ಪೋಣಿಸುವಷ್ಟಲ್ಲ.

ಇರಮಳಿಗೆ ಹನ್ನೊಂದನೇ ದಿನ ಜಾಮೀನು ಸಿಕ್ಕಿತು. ನೌಕರಿ ಹೋಯಿತು. ಅವಳ ಮಾರ್ಕ್ಸ್ ಕಾರ್ಡು, ಡಿಪ್ಲೊಮಾಗಳು ಪ್ರಶಾಂತನ ಕಪಾಟಿನಿಂದ ಹೊರಗೆ ಬಂದವು. ಎರಡನೇ ಕೇಸಿಗೆ ಸಾಕ್ಷ್ಯವಾದ್ದರಿಂದ ಈಗ ಠಾಣೆಯಲ್ಲಿ ಜಪ್ತಿ ವಸ್ತುಗಳನ್ನಿಡುವ ಮುದ್ದೆಮಾಲಿನ ಕೋಣೆಯಲ್ಲಿ, ಕೌದಿಯ ಪಕ್ಕದ ಖಾನೆಯಲ್ಲಿವೆ. ತಿಂಗಳಿಗೊಮ್ಮೆ ಬಂದು ಯಾವಾಗ ಸಿಗುತ್ತವೆ ಎಂದು ಕೇಳುತ್ತಾಳೆ. ಕೇಸು ಮುಗಿಯಲಿ ಎಂದು ಮೈಲಾರಿ ಹೇಳುತ್ತಾನೆ. ಇನ್ನೂ ಮುಗಿದಿಲ್ಲ.